‘ಶುದ್ಧ’ ನೀರಿನ ಪ್ರಕಟಣೆ

ಮಾರ್ಚ್ ಹನ್ನೊಂದನೆಯ ತಾರೀಖು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಎಂಜಿನಿಯರ್ ಮೇಡಂ ನೀರಣ್ಣನ ಪ್ರಬಂಧವನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು. ಅರ್ಧ ಪುಟ ಮುಗಿಯುವಷ್ಟರಲ್ಲಿ ಅವರ ಮುಖ ಮೊದಲು ಕೆಂಪಾಗಿ, ಆಮೇಲೆ ಹೆಸರು ಹೇಳಲಾಗದ ಇನ್ನೊಂದು ಬಣ್ಣಕ್ಕೆ ತಿರುಗಿತು. ಗುಮಾಸ್ತ ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟ. ಮೇಡಂ ಕುಡಿದು, ಕುರ್ಚಿಗೆ ಒರಗಿ, ಕಾಗದವನ್ನು ಹಾವು ಹಿಡಿದವರಂತೆ ದೂರ ಹಿಡಿದರು.

"ಏನ್ರೀ ಇದು? ಉಸಿರು ತಗೊಳ್ಳೋಕೆ ಎಲ್ಲೂ ಜಾಗಾನೇ ಬಿಟ್ಟಿಲ್ವಲ್ಲ!"

"ವಿಷಯ ಬಹಳ ಇತ್ತು ಮೇಡಂ, ಜಾಗ ಸಾಲಲಿಲ್ಲ," ಎಂದ ನೀರಣ್ಣ.

"ಇಲ್ಲಿ ನೋಡಿ, ನೀವೇ ಬರೆದಿದ್ದು: ‘ತಿಂಗಳಿಗೊಮ್ಮೆ ತೊಟ್ಟಿಯಲ್ಲಿ ಪಾಚಿ ಕಾಣುತ್ತದೆ ಆಗ ಮೇಲಧಿಕಾರಿಗಳು ಬರುತ್ತಾರೆ ತಕ್ಷಣ ಉಜ್ಜಿ ತೊಳೆದು ಚರಂಡಿಗೆ ಬಿಡುತ್ತೇವೆ.’ ಯಾರನ್ನ್ರೀ?"

"ಪಾಚೀನ, ಮೇಡಂ."

"ಓದಿದವರಿಗೆ ಅದು ಹೇಗ್ರೀ ಗೊತ್ತಾಗ್ಬೇಕು?"

ನೀರಣ್ಣ ಯೋಚಿಸಿದ. ಮೇಲಧಿಕಾರಿಗಳನ್ನು ಉಜ್ಜಿ ತೊಳೆಯುವ ಪದ್ಧತಿ ಇಲಾಖೆಯಲ್ಲಿ ಇಲ್ಲದ್ದರಿಂದ ಓದಿದವರಿಗೆ ತಾನಾಗಿಯೇ ಗೊತ್ತಾಗುತ್ತದೆ ಎಂದು ಅವನ ನಂಬಿಕೆ. ಅದನ್ನು ಬಾಯಿಬಿಟ್ಟು ಹೇಳದಷ್ಟು ಬುದ್ಧಿ ಅವನಿಗಿತ್ತು.

ನೀರಣ್ಣ ಊರಿಗೆ ನೀರು ಬಿಡುವ ಶುದ್ಧೀಕರಣ ಘಟಕದಲ್ಲಿ ಪರೀಕ್ಷಾ ಸಹಾಯಕ. ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆ ಇದೆ. ಆದರೆ ನಲ್ಲಿ ಒಣಗಿದ ದಿನ ಬೈಯುವುದಕ್ಕೆ ಅನುಕೂಲವಾಗಲೆಂದು ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿ ನಿಂತಿತು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ, ಔಷಧಿಯ ಹನಿ ಬಿಟ್ಟು, ಬಣ್ಣ ಹೋಲಿಸಿ ಲೆಕ್ಕ ಬರೆಯುವುದು ಅವನ ಕೆಲಸ. ಕೆಲಸದಲ್ಲಿ ಕಲ್ಲು ಹುಡುಕುವಂತಿಲ್ಲ. ತೊಂದರೆ ಇದ್ದದ್ದು ಅವನ ಮೇಜಿನಲ್ಲಿ. ಯಾವ ಕಾಲದಲ್ಲಿ ಯಾವ ಪುಣ್ಯಾತ್ಮ ಹಾಕಿಸಿದ್ದನೋ, ಆ ಮೇಜು ಪಂಪುಮನೆಯ ಒಳಗೆ, ನಾಲ್ಕು ದೊಡ್ಡ ಪಂಪುಗಳ ಮಗ್ಗುಲಲ್ಲೇ ಇತ್ತು. ನಾಲ್ಕೂ ಒಟ್ಟಿಗೆ ಗರ್ಜಿಸುವಾಗ ಅಲ್ಲಿ ಮಾತಾಡುವುದೆಂದರೆ ಕೈ ಬೀಸುವುದು. ವರ್ಷಗಟ್ಟಲೆ ಹೀಗೆ ಕಳೆದು ಅವನ ಕಿವಿ ಅರ್ಧಕ್ಕೆ ಇಳಿದಿತ್ತು. "ಇನ್ನೆರಡು ವರ್ಷ ಅಲ್ಲೇ ಕೂತ್ರೆ ಉಳಿದ ಅರ್ಧಾನೂ ಹೋಗುತ್ತೆ," ಎಂದು ಕಿವಿ ಡಾಕ್ಟರು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದ್ದರು. ಬಾಯಲ್ಲಿ ಹೇಳಿದ್ದು ಅವನಿಗೆ ಕೇಳಿಸಿರಲಿಲ್ಲ.

ಪಂಪುಮನೆಯಿಂದ ಹೊರಗೆ ಬರಲು ಇದ್ದದ್ದು ಒಂದೇ ಬಾಗಿಲು: ಮೇಲ್ವಿಚಾರಕನ ಹುದ್ದೆ. ಅದಕ್ಕೆ ಅಂಗಳದ ಆಚೆ ಒಂದು ಕೋಣೆ, ಕಿಟಕಿಗೆ ಗಾಜು, ಗಾಜಿನ ಈಚೆ ಮೌನ. ಹುದ್ದೆಗೆ ಎರಡು ಪರೀಕ್ಷೆ. ತಾಂತ್ರಿಕದಲ್ಲಿ ನೀರಣ್ಣ ಎಲ್ಲರಿಗಿಂತ ಮುಂದು. ಪ್ರಬಂಧದಲ್ಲಿ ಎಲ್ಲರಿಗಿಂತ ಹಿಂದೆ. ವಯಸ್ಸಿನ ಮಿತಿಯೂ ಬಂದು ತಲುಪಿತ್ತು.

"ಒಂದು ತಿಂಗಳು ಕೊಡ್ತೀನಿ," ಎಂದರು ಮೇಡಂ. ಅವರು ಕಠಿಣ ಮನುಷ್ಯರಲ್ಲ, ಶ್ವಾಸಕೋಶ ಸಣ್ಣದು ಅಷ್ಟೆ. "ಮರುಪರೀಕ್ಷೆ ಮಾಡ್ತೀನಿ. ಚುಕ್ಕಿ, ಅಲ್ಪವಿರಾಮ, ಕೊಕ್ಕೆ ಎಲ್ಲಾ ಎಲ್ಲೆಲ್ಲಿ ಹಾಕ್ಬೇಕು ಅಂತ ಯಾರ ಹತ್ರನಾದ್ರೂ ಸರಿಯಾಗಿ ಕಲಿತು ಬನ್ನಿ. ಇದೇ ಕೊನೆ."

ಅಲ್ಪವಿರಾಮ ಕಲಿಸುವವರು ನೀರಣ್ಣನ ಮನೆಯೊಳಗೇ ಇದ್ದರು. ಅವನ ಅತ್ತೆ, ಹೆಂಡತಿಯ ತಾಯಿ, ಬದುಕಿಡೀ ಶಾಲೆಯಲ್ಲಿ ಭಾಷೆಯ ಪಾಠ ಹೇಳಿ ನಿವೃತ್ತರಾದವರು. ಮಂಡಿನೋವಿನಿಂದಾಗಿ ಮೂರನೇ ಮಹಡಿಯಿಂದ ಕೆಳಗಿಳಿಯುತ್ತಿರಲಿಲ್ಲ. ಆದರೆ ದಿನಪತ್ರಿಕೆಯ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹಾಕಿ ಅದನ್ನು ಸಿಡುಬು ಎದ್ದ ಮುಖದಂತೆ ಮಾಡಿ ಇಡುವುದನ್ನು ಬಿಟ್ಟಿರಲಿಲ್ಲ. ಅಂಥವರಿಗೆ ಅಳಿಯನೇ ಶಿಷ್ಯನಾಗಿ ಸಿಕ್ಕಾಗ ಮಂಡಿನೋವು ಒಂದು ವಾರ ತಾನಾಗಿ ರಜೆ ಹಾಕಿತು.

"ಕೂತ್ಕೊಳ್ಳಿ ಅಳಿಯಂದಿರೇ. ಬೆನ್ನು ನೆಟ್ಟಗೆ. ಅಲ್ಪವಿರಾಮ ಅಂದ್ರೆ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡೋವಷ್ಟು ಹೊತ್ತು. ಅರ್ಧವಿರಾಮ ಅಂದ್ರೆ ಒಳಗೆ ಬಂದು ಕುರ್ಚಿ ಅಂಚಲ್ಲಿ ಕೂತ ಹಾಗೆ. ಪೂರ್ಣವಿರಾಮ ಅಂದ್ರೆ ಒರಗಿ ಕೂತು ಕಾಲು ಚಾಚಿದ ಹಾಗೆ. ಗೊತ್ತಾಯ್ತಾ?"

ಗೊತ್ತಾಯಿತು. ಅತ್ತೆ ನಿಜಕ್ಕೂ ಒಳ್ಳೆಯ ಮೇಷ್ಟ್ರು. ಮೂರೇ ಸಂಜೆಗಳಲ್ಲಿ ನೀರಣ್ಣ ವಾಕ್ಯಕ್ಕೆ ಚಪ್ಪಲಿ ಬಿಡಿಸಿ, ಕೂರಿಸಿ, ಕಾಲು ಚಾಚಿಸುವಷ್ಟು ಪಳಗಿದ. ನಾಲ್ಕನೆಯ ಸಂಜೆ ಉದ್ಧರಣ ಚಿಹ್ನೆಯ ಪಾಠ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ತಿರುಗಿಸಿದಳು.

"ಈ ಎರಡು ಕೊಕ್ಕೆ ನೋಡಿ," ಅತ್ತೆ ಸ್ವರ ಏರಿಸಿದರು. "ಬೇರೆಯವರ ಮಾತನ್ನ ಹಾಗೇ ಹೇಳುವಾಗ ಹಾಕ್ಬೇಕು. ಒಂದೊಂದು ಸಲ ಒಂಟಿ ಪದಕ್ಕೂ ಹಾಕೋದುಂಟು. ಯಾವ ಪದದ ಮೇಲೆ ನಮಗೆ ಅನುಮಾನ ಇರುತ್ತೋ, ಆ ಪದಕ್ಕೆ!"

ಅತ್ತೆಯ ಬಾಯಿಂದ ಹೊರಟದ್ದು ಅನುಮಾನ. ಮಿಕ್ಸಿಯನ್ನು ದಾಟಿ, ಪಂಪುಗಳು ಬಿಟ್ಟುಕೊಟ್ಟಿದ್ದ ಅರ್ಧ ಕಿವಿಯೊಳಗೆ ನುಗ್ಗುವ ಹೊತ್ತಿಗೆ ಅದು ಅಭಿಮಾನ ಆಗಿತ್ತು. ನಡುವೆ ಒಂದೇ ಒಂದು ಅಕ್ಷರ ಉದುರಿ ಇನ್ನೊಂದು ಬಂದು ಕೂತಿತ್ತು, ಅಷ್ಟೆ. ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಅತ್ತೆಯ ಮುಂದೆ ಕೂತು "ಏನಂದ್ರಿ?" ಎಂದು ಆಗಲೇ ಎರಡು ಸಲ ಕೇಳಿಯಾಗಿತ್ತು. ಮೂರನೆಯ ಸಲ ಕೇಳಿದ ಅಳಿಯ ಜಗತ್ತಿನಲ್ಲಿ ಇನ್ನೂ ಹುಟ್ಟಿಲ್ಲ.

"ಗೊತ್ತಾಯ್ತಾ?"

"ಚೆನ್ನಾಗಿ ಗೊತ್ತಾಯ್ತು ಅತ್ತೆ," ಎಂದ ನೀರಣ್ಣ. ಅವನ ಮನಸ್ಸು ತುಂಬಿ ಬಂದಿತ್ತು. ಅಭಿಮಾನವನ್ನು ಬಾಯಲ್ಲಿ ಹೇಳಲಾಗದವರಿಗೆ ವ್ಯಾಕರಣದಲ್ಲಿ ಇಂಥ ವ್ಯವಸ್ಥೆ ಇದೆಯೆಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ.

ವಿಜ್ಞಾನ ಬಲ್ಲವನು ಕಲಿತದ್ದನ್ನು ಮೊದಲು ಮನೆಯಲ್ಲೇ ಪ್ರಯೋಗಿಸುತ್ತಾನೆ. ಮರುದಿನ ಬೆಳಿಗ್ಗೆ ಬೇಗ ಹೊರಡುವಾಗ ನೀರಣ್ಣ ಹೆಂಡತಿಗೊಂದು ಚೀಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ:

‘ಪ್ರೀತಿಯ’ ಹೆಂಡತಿಗೆ, ನೀನು ಮಾಡಿಟ್ಟ ‘ರುಚಿಯಾದ’ ತಿಂಡಿ ತಿಂದೆ. ಸಂಜೆ ಬೇಗ ಬರುತ್ತೇನೆ.

ಸಂಜೆ ಬೇಗ ಬಂದ. ಒಲೆ ತಣ್ಣಗಿತ್ತು. ಹೆಂಡತಿ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದಳು.

"ಏನ್ರೀ ಇದು?"

"ಓದಿದ್ಯಾ?" ನೀರಣ್ಣ ನಾಚಿಕೊಂಡ.

"ಓದ್ದೆ. ಎರಡೆರಡು ಸಲ ಓದ್ದೆ. ಈ ಕೊಕ್ಕೆ ಹಾಕೋದನ್ನ ಎಲ್ಲಿ ಕಲಿತ್ರಿ?"

"ನಿಮ್ಮಮ್ಮನೇ ಹೇಳಿಕೊಟ್ಟಿದ್ದು ಕಣೇ. ಹೀಗೆ ಹಾಕಿ ಅಂತ."

ಹೆಂಡತಿಗೆ ಸಿಡಿಲು ಹೊಡೆದಂತಾಯಿತು. ತನ್ನ ಅಡುಗೆಯ ಬಗ್ಗೆ ತಾಯಿಗೆ ಎಂದೂ ಒಳ್ಳೆಯ ಅಭಿಪ್ರಾಯ ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಗಂಡನನ್ನು ಕೂರಿಸಿಕೊಂಡು ವಿರಾಮ ಚಿಹ್ನೆಯ ಮೂಲಕ ಅಣಕಿಸುವುದನ್ನು ಕಲಿಸುವ ಮಟ್ಟಕ್ಕೆ ಇಳಿಯುತ್ತಾಳೆಂದು ಎಣಿಸಿರಲಿಲ್ಲ. ಅಂದಿನಿಂದ ತಾಯಿಮಗಳ ಮಾತು ನಿಂತಿತು. ಅತ್ತೆಗೆ ಕಾರಣ ತಿಳಿಯಲಿಲ್ಲ. ಕೇಳಲು ಸ್ವಾಭಿಮಾನ ಬಿಡಲಿಲ್ಲ. ಮನೆ ನಿಶ್ಶಬ್ದವಾಯಿತು. ಇಂಥ ಗಾಢ ಮೌನವನ್ನು ಬೇರೆ ಯಾರಾದರೂ ಗುರುತಿಸುತ್ತಿದ್ದರು. ನೀರಣ್ಣನಿಗೆ ಮನೆ ಎಂದಿನಂತೆಯೇ ಕೇಳಿಸುತ್ತಿತ್ತು.

ಇದಾಗಿ ವಾರಕ್ಕೆ ಅವನಿದ್ದ ಕಟ್ಟಡದ ಸಂಘದ ಕಾರ್ಯದರ್ಶಿಯ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಕಾರ್ಯದರ್ಶಿ ಹೊಟ್ಟೆ ಮುಂದೆ, ತಾನು ಹಿಂದೆ ನಡೆಯುವ ದೊಡ್ಡ ಮನುಷ್ಯ. ಮೆಟ್ಟಿಲ ದೀಪ ಕೆಟ್ಟಿದೆ ಎಂದರೆ ದೀಪದ ಇತಿಹಾಸ ಹೇಳುವವನು. ಶುಭಾಶಯವನ್ನು ಬರೆದು ಫಲಕಕ್ಕೆ ಹಾಕುವ ಹೊಣೆಯನ್ನು ನೀರಣ್ಣ ತಾನಾಗಿ ಹೊತ್ತ. ಬೆಳಿಗ್ಗೆ ಹಾಲು ತರಲು ಇಳಿದವರೆಲ್ಲ ಫಲಕದ ಮುಂದೆ ನಿಂತರು.

ನಮ್ಮ ಕಟ್ಟಡದ ‘ಪ್ರಾಮಾಣಿಕ’ ಕಾರ್ಯದರ್ಶಿಗಳಿಗೂ ಅವರ ‘ಧರ್ಮಪತ್ನಿ’ಯವರಿಗೂ ಶುಭಾಶಯಗಳು. ಇವರ ‘ಸುಖೀ’ ಸಂಸಾರ ನಮಗೆಲ್ಲ ಮಾದರಿ.

"ಅಲ್ಲಾ, ಬರೆದವನಿಗೆ ಎಷ್ಟು ಧೈರ್ಯ ನೋಡಿ," ಎಂದರು ನೆಲಮಹಡಿಯವರು.

"ಪ್ರಾಮಾಣಿಕ ಅನ್ನೋದು ನಮಗೂ ಗೊತ್ತಿತ್ತು ಬಿಡಿ," ಎಂದರು ಮೊದಲ ಮಹಡಿಯವರು. "ಆ ಎರಡನೇದು ಹೊಸ ವಿಷಯ."

"ಇಪ್ಪತ್ತೈದು ವರ್ಷ ಮುಚ್ಚಿಟ್ಟಿದ್ರು ಅಂದ್ರೆ!"

ಕಾರ್ಯದರ್ಶಿ ಮೂರನೇ ಮಹಡಿ ಹತ್ತಿ ಬಂದಾಗ ನೀರಣ್ಣ ಕೆಲಸಕ್ಕೆ ಹೊರಡಲು ಬಾಗಿಲಲ್ಲೇ ನಿಂತಿದ್ದ. ಕಾರ್ಯದರ್ಶಿಯ ಮೂಗಿನ ಹೊಳ್ಳೆಗಳು ಅರಳಿದ್ದವು. ಅದನ್ನು ನೀರಣ್ಣ ಭಾವಾವೇಶ ಎಂದುಕೊಂಡ.

"ನನ್ನ ಹೆಂಡ್ತಿಗೆ ಎರಡೂ ಕಡೆ ಕೊಕ್ಕೆ ಹಾಕಿದೀಯಲ್ಲಯ್ಯಾ!"

"ಎರಡೂ ಕಡೆ ಹಾಕ್ಲೇಬೇಕು ಸಾರ್. ಒಂದೇ ಕಡೆ ಹಾಕಿದ್ರೆ ತಪ್ಪಾಗುತ್ತೆ."

"ಬೆಳಿಗ್ಗೆಯಿಂದ ಅಳ್ತಾ ಕೂತಿದಾಳೆ!"

"ಅಯ್ಯೋ, ಅದೇನು ಮಹಾ ಸಾರ್. ನನ್ನದು ಅಳಿಲುಸೇವೆ."

"ತೆಗೀತೀಯೋ ಇಲ್ವೋ?"

ಮೆಟ್ಟಿಲಲ್ಲಿ ಯಾರೋ ಬಕೆಟ್ಟು ಎಳೆದರು. ನೀರಣ್ಣನಿಗೆ ಕೇಳಿಸಿದ್ದು ‘ಸಾಕಾಗೋಲ್ವೋ’ ಎಂದು.

"ಸಾಕಾಗ್ಲಿಲ್ವಾ ಸಾರ್? ಸಂಕೋಚ ಪಡ್ಬೇಡಿ. ಸಂಜೆ ಬಂದು ಅವರಿಗೆ ಜೋಡಿ ಕೊಕ್ಕೆ ಹಾಕ್ತೀನಿ."

ಕಾರ್ಯದರ್ಶಿ ಗೋಡೆ ಹಿಡಿದು ಇಳಿದುಹೋದ. ದೊಡ್ಡ ಮನುಷ್ಯರು ಹೊಗಳಿಕೆ ತಾಳಲಾರದೆ ಹೀಗೆ ಓಡಿಹೋಗುವುದನ್ನು ಕಂಡು ನೀರಣ್ಣನಿಗೆ ಗೌರವ ಹೆಚ್ಚಿತು.

ಅಭ್ಯಾಸ ಇಷ್ಟು ಸೊಗಸಾಗಿ ನಡೆದಿರುವಾಗ ಕಚೇರಿಯಲ್ಲೂ ಅದೃಷ್ಟ ಒಲಿಯಿತು. ಘಟಕದ ಅಂಗಳದಲ್ಲೇ ಇದ್ದ ಊರಿನ ಮೇಲ್ತೊಟ್ಟಿಯನ್ನು ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿಸಿಯಾಗಿತ್ತು. ಅದನ್ನು ಜನರಿಗೆ ತಿಳಿಸಬೇಕು. ಗುಮಾಸ್ತ ರಜೆ. ಮೇಡಂ ನೀರಣ್ಣನನ್ನು ಕರೆದರು.

"ಪ್ರಕಟಣೆ ನೀವೇ ಬರೀರಿ. ಮರುಪರೀಕ್ಷೆಗೂ ಅಭ್ಯಾಸ ಆಗುತ್ತೆ. ಬರೆದು ಓದಿ ಕೇಳಿಸಿ, ನನ್ನ ಕನ್ನಡಕ ಮನೇಲಿ ಉಳಿದಿದೆ."

ನೀರಣ್ಣ ಬರೆದ. ನಿಂತು ಓದಿದ. ಅಲ್ಪವಿರಾಮ ಬಂದಲ್ಲಿ ಚಪ್ಪಲಿ ಬಿಟ್ಟ, ಪೂರ್ಣವಿರಾಮ ಬಂದಲ್ಲಿ ಕಾಲು ಚಾಚಿದ. ಮೇಡಂ ಕಣ್ಣು ಮುಚ್ಚಿ ಕೇಳಿದರು. ಅವರ ಉಸಿರು ಶಾಂತವಾಗಿ ಒಳಗೆ ಹೋಗಿ ಹೊರಗೆ ಬಂತು.

"ಭೇಷ್! ತಿಂಗಳು ತುಂಬೋದ್ರೊಳಗೇ ಎಷ್ಟು ಬದಲಾವಣೆ! ಹೀಗೇ ಬರೆದ್ರೆ ಪರೀಕ್ಷೆ ನೀರು ಕುಡಿದಷ್ಟು ಸುಲಭ ರೀ," ಎಂದು ಹೇಳಿ ಸಹಿ ಹಾಕಿದರು.

ಉದ್ಧರಣ ಚಿಹ್ನೆಗೆ ಒಂದು ದೋಷವಿದೆ: ಅದಕ್ಕೆ ಶಬ್ದವಿಲ್ಲ. ಎಷ್ಟೇ ಚೆನ್ನಾಗಿ ಓದಿದರೂ ಕೊಕ್ಕೆ ಕಿವಿಗೆ ಬೀಳುವುದಿಲ್ಲ. ಕಣ್ಣಿಗೆ ಮಾತ್ರ ಬೀಳುತ್ತದೆ, ಅದೂ ಅಂಗೈಯಗಲದ ಅಕ್ಷರಗಳಲ್ಲಿ ಅಚ್ಚಾಗಿ ಊರಿನ ಗೋಡೆಗಳನ್ನೆಲ್ಲ ಏರಿದ ಮೇಲೆ.

ನಾಗರಿಕರೇ, ಮೇಲ್ತೊಟ್ಟಿಯನ್ನು ‘ಸ್ವಚ್ಛ’ಗೊಳಿಸಲಾಗಿದೆ. ನಾಳೆ ಬೆಳಿಗ್ಗೆಯಿಂದ ‘ಶುದ್ಧ’ವಾದ ‘ಕುಡಿಯುವ’ ನೀರು ಬರುತ್ತದೆ. ನಮ್ಮ ‘ತಜ್ಞರು’ ಇದನ್ನು ಪರೀಕ್ಷಿಸಿದ್ದಾರೆ. ಮಕ್ಕಳು, ಹಿರಿಯರು, ಎಲ್ಲರೂ ‘ಧೈರ್ಯ’ವಾಗಿ ಕುಡಿಯಬಹುದು.

ಮರುದಿನ ಬೆಳಿಗ್ಗೆ ಇಡೀ ಊರು ನಲ್ಲಿಯ ಮುಂದೆ ನಿಂತು ನಲ್ಲಿಯನ್ನು ಮುಟ್ಟಲಿಲ್ಲ.

"ಶುದ್ಧ ಅಂತ ನೇರವಾಗಿ ಬರೆದಿದ್ರೆ ನಂಬ್ತಿದ್ದೆ," ಎಂದ ದರ್ಜಿ, ಪ್ರಕಟಣೆಯ ಮುಂದೆ ನಿಂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಕೊಕ್ಕೆ ಹಾಕಿ ಬರೆದಿದಾರೆ. ಅಂದ್ರೆ ಒಳಗೆ ಏನೋ ಇದೆ."

"‘ಕುಡಿಯುವ’ ಅನ್ನೋದಕ್ಕೂ ಹಾಕಿದಾರೆ ಕಣಣ್ಣಾ," ಎಂದ ಕ್ಷೌರದಂಗಡಿಯವನು. "ಕುಡಿದ ಹಾಗೆ ಮಾಡಿ ಅಂತ ಅರ್ಥ."

"‘ಧೈರ್ಯ’ವಾಗಿ ಅಂತೆ! ನೀರು ಕುಡಿಯೋಕೆ ಧೈರ್ಯ ಯಾಕ್ರೀ ಬೇಕು?"

"ಅದು ಸರಿ, ‘ತಜ್ಞರು’ ಅಂದ್ರೆ ಯಾರು?"

"ನಮ್ಮ ನೀರಣ್ಣ."

"ಹಾಗಾದ್ರೆ ಆ ಕೊಕ್ಕೆ ಸರಿಯಾಗೇ ಇದೆ."

ಹೊತ್ತೇರಿದಂತೆ ಮಾತಿಗೆ ಕೈಕಾಲು ಮೂಡಿದವು. ಕುಡಿಯುವುದಿರಲಿ, ಮುಖ ತೊಳೆದರೆ ಹುಬ್ಬು ಉದುರುತ್ತದಂತೆ. ಯಾರದೋ ಗಿಡ ನೀರು ಹಾಕುವ ಮೊದಲೇ ಬಾಡಿತಂತೆ. ಒಬ್ಬ ತಾಯಿ ಮಗನಿಗೆ ಸ್ನಾನ ಬೇಡವೆಂದಳು. ಆ ಮಗ ಜೀವನದಲ್ಲಿ ಮೊದಲ ಬಾರಿಗೆ ಸರ್ಕಾರಿ ಪ್ರಕಟಣೆಯೊಂದನ್ನು ಮೆಚ್ಚಿಕೊಂಡ. ಮೂಲೆಯ ಹೋಟೆಲಿನ ಮಾಲೀಕ ಎಲ್ಲಿಂದಲೋ ಕ್ಯಾನುಗಳನ್ನು ತರಿಸಿ, ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದ: ‘ನಮ್ಮಲ್ಲಿ ಕೊಕ್ಕೆ ಇಲ್ಲದ ನೀರು ಸಿಗುತ್ತದೆ.’

ಘಟಕದ ಗೇಟಿನ ಮುಂದೆ ಗುಂಪು ಸೇರಿತು. ಎಲ್ಲರಿಗಿಂತ ಮೊದಲು ಒಳಗೆ ನುಸುಳಿದವನು ಪತ್ರಿಕೆಯ ವರದಿಗಾರ. ಪಂಪುಮನೆಯ ಬಾಗಿಲಲ್ಲಿ ನೀರಣ್ಣ ಸಿಕ್ಕಿದ. ವರದಿಗಾರ ಅವನ ಕಿವಿಗೇ ಬಾಯಿಟ್ಟು ಕೂಗಿದ.

"ಆ ಪ್ರಕಟಣೇಲಿ ಕೊಕ್ಕೆ ಹಾಕಿದ್ದು ನೀವೇನಾ ಸಾರ್?"

"ನಾನೇ! ಒಂದೊಂದನ್ನೂ ಕೈಯಾರೆ ಹಾಕಿದೀನಿ!"

"ಬೇಕು ಅಂತಲೇ?"

"ಬೇಕು ಅಂತಲೇ!"

"ಮೇಡಂಗೆ ಗೊತ್ತಾ?"

"ಅವರ ಮುಂದೇನೇ ಓದ್ದೆ! ಭೇಷ್ ಅಂದ್ರು!"

ವರದಿಗಾರ ಹೊಸ ಹಾಳೆ ತಿರುವಿದ. ವೃತ್ತಿಯಲ್ಲಿ ಇಂಥ ದಿನ ಒಂದೇ ಸಲ ಬರುತ್ತದೆ. "ಹಾಗೆ ಯಾಕೆ ಹಾಕಿದ್ರಿ ಸಾರ್?"

"ಎಷ್ಟು ವರ್ಷದಿಂದ ಈ ನೀರನ್ನ ಹತ್ತಿರದಿಂದ ನೋಡಿದೀನಿ ನಾನು! ಮನಸ್ಸಲ್ಲಿ ಇಟ್ಕೊಂಡು ಇಟ್ಕೊಂಡು ಸಾಕಾಗಿತ್ತು. ಒಂದು ದಿನ ಜನಕ್ಕೂ ಗೊತ್ತಾಗ್ಲಿ ಅಂತ ಹಾಕ್ಬಿಟ್ಟೆ!"

ವರದಿಗಾರ ಅವನ ಕೈ ಹಿಡಿದು ಕುಲುಕಿದ. ಇಲಾಖೆಯೊಳಗೆ ಇದ್ದುಕೊಂಡೇ ಸತ್ಯ ಹೇಳುವ ಗಂಡಸು ಇನ್ನೂ ಉಳಿದಿದ್ದಾನಲ್ಲ ಎಂದು ಅವನ ಕಣ್ಣು ತೇವವಾಯಿತು. ನೀರಣ್ಣನ ಕಣ್ಣೂ ತೇವವಾಯಿತು. ಜನರ ಅಭಿಮಾನ ಗೇಟು ಮುರಿದು ಬರುವ ಮಟ್ಟಕ್ಕೆ ಏರಿದ್ದನ್ನು ಅವನು ಕಣ್ಣಾರೆ ಕಾಣುತ್ತಿದ್ದ.

ಇತ್ತ ಭೌತಶಾಸ್ತ್ರ ತನ್ನ ಕೆಲಸ ಮಾಡುತ್ತಿತ್ತು. ಪಂಪುಗಳು ಎಂದಿನಂತೆ ತೊಟ್ಟಿಗೆ ನೀರೆತ್ತುತ್ತಿದ್ದವು. ಕೆಳಗೆ ಊರಿನಲ್ಲಿ ಒಂದು ನಲ್ಲಿಯೂ ತೆರೆದಿರಲಿಲ್ಲ. ಒಳಗೆ ಬಂದದ್ದು ಹೊರಗೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ತುಂಬಿ, ಮೇಲಿನ ಕೊಳವೆಯಿಂದ ನೀರು ಧೋ ಎಂದು ಸುರಿದು, ಗೇಟಿನ ಮುಂದೆ ನಿಂತವರನ್ನು ಸಮಾನವಾಗಿ ತೋಯಿಸಿತು.

"ಹುಬ್ಬು! ಹುಬ್ಬು!" ಎಂದು ಕೂಗುತ್ತ ಗುಂಪು ಎರಡಾಗಿ ಒಡೆಯಿತು.

ಅಷ್ಟರಲ್ಲಿ ಮೇಡಂ ಕನ್ನಡಕದ ಸಮೇತ ಬಂದಿಳಿದರು. ದಾರಿಯಲ್ಲಿ ಮೊದಲ ಬಾರಿ ಪ್ರಕಟಣೆಯನ್ನು ಕಣ್ಣಿನಿಂದ ಓದಿದ್ದರು. ಅವರಿಗೆ ಮತ್ತೆ ಉಸಿರು ಸಾಲದೆ ಬಂದಿತ್ತು, ಈ ಸಲ ಬೇರೆ ಕಾರಣಕ್ಕೆ. "ನಿಲ್ಲಿಸ್ರೀ ಪಂಪು!" ಎಂದು ಕೈ ಬೀಸಿದರು.

ನಾಲ್ಕು ಪಂಪುಗಳೂ ಒಂದರ ಹಿಂದೊಂದು ನಿಟ್ಟುಸಿರಿಟ್ಟು ನಿಂತವು.

ನೀರಣ್ಣ ಅಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಅವು ನಾಲ್ಕೂ ಒಟ್ಟಿಗೆ ನಿಂತದ್ದಿಲ್ಲ; ತೊಟ್ಟಿ ತೊಳೆದ ದಿನವೂ ತೊಳೆಯುವ ನೀರಿಗೆಂದು ಒಂದು ಓಡುತ್ತಲೇ ಇತ್ತು. ಅವನು ಬೆಚ್ಚಿಬಿದ್ದು ಸುತ್ತ ನೋಡಿದ. ಎಲ್ಲೋ ಒಂದು ಹನಿ ತೊಟ್ಟಿಕ್ಕುವುದು ಕೇಳಿಸಿತು. ತಂತಿಯ ಮೇಲೆ ಕಾಗೆ ಕೂಗಿದ್ದು ಕೇಳಿಸಿತು. ಗೇಟಿನ ಬಳಿ ಆಟೋ ನಿಂತದ್ದು, ಅದರಿಂದ ಇಳಿಯುತ್ತ ಇಬ್ಬರು ಹೆಂಗಸರು ಜಗಳವಾಡುತ್ತಿದ್ದದ್ದು, ಆ ಇಬ್ಬರೂ ತನ್ನವರೇ ಎಂಬುದು, ಎಲ್ಲ ಒಂದೊಂದಾಗಿ ಕೇಳಿಸಿತು.

"ನನ್ನ ಅಡುಗೆಗೆ ಕೊಕ್ಕೆ ಹಾಕ್ಸಿದ್ದು ಸಾಲದು ಅಂತ ಈಗ ಊರಿಗೇ ಹಾಕ್ಸಿದೀಯಲ್ಲಮ್ಮಾ!"

"ಅದೇ ಕಣೇ ನಾನು ಕೇಳ್ತಿರೋದು, ಯಾವಾಗ ಹಾಕ್ಸಿದೆ?" ಅತ್ತೆ ಮಂಡಿ ಹಿಡಿದುಕೊಂಡು, ದಾರಿ ಬಿಡಿಸಿಕೊಂಡು ನೇರ ಅಳಿಯನ ಮುಂದೆ ಬಂದು ನಿಂತರು. "ಅಳಿಯಂದಿರೇ! ಒಂಟಿ ಪದಕ್ಕೆ ಕೊಕ್ಕೆ ಯಾವಾಗ ಹಾಕ್ಬೇಕು ಅಂದಿದ್ದೆ ನಾನು?"

"ಆ ಪದದ ಮೇಲೆ ಅಭಿಮಾನ ಇದ್ದಾಗ, ಅತ್ತೆ."

"ಅನುಮಾನ!"

ಪಂಪಿಲ್ಲದ, ಮಿಕ್ಸಿಯಿಲ್ಲದ ಆ ಅಂಗಳದಲ್ಲಿ ಪದ ಗಾಜಿನಷ್ಟು ಸ್ಪಷ್ಟವಾಗಿ ಬಂದು ಬಿತ್ತು.

"ಅನು... ಮಾನ?"

"ಅನುಮಾನ! ನಂಬಿಕೆ ಇಲ್ಲ ಅನ್ನೋಕೆ ಹಾಕೋದು!"

ನೀರಣ್ಣ ಹಾಗೇ ಪಂಪುಮನೆಯ ಮೆಟ್ಟಿಲ ಮೇಲೆ ಕೂತ. ತಿಂಡಿ, ಧರ್ಮಪತ್ನಿ, ಸುಖೀ ಸಂಸಾರ, ತಜ್ಞರು, ನೀರು ಎಲ್ಲವೂ ಸಾಲಾಗಿ ಅವನ ಕಣ್ಣ ಮುಂದೆ ಹಾದುಹೋದವು, ಪ್ರತಿಯೊಂದಕ್ಕೂ ಎರಡೆರಡು ಕೊಕ್ಕೆ. ಹೆಂಡತಿಯ ಕಡೆ ನೋಡಿದ. "ಅಂದ್ರೆ ನಿನ್ನ ತಿಂಡಿ..." ಎಂದ. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ, ನೋಡಿದವರು ಯಾರಿಗೂ ಹೇಳಲಾಗಲಿಲ್ಲ. ವರದಿಗಾರ ಬರೆದಿದ್ದ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡ.

ಆದರೆ ಜನ ಕರಗಲಿಲ್ಲ.

"ಈಗ ಹಾಗೆ ಹೇಳ್ತಾರೆ," ಎಂದ ದರ್ಜಿ. "ಕಿವಿ ಮೇಲೆ ಹಾಕಿ ಜಾರಿಕೊಳ್ಳೋದು ಸುಲಭ."

ಮೇಡಂ ಕನ್ನಡಕ ಒರೆಸಿಕೊಂಡು ನೀರಣ್ಣನನ್ನು ದಿಟ್ಟಿಸಿದರು. "ಏಳಿ. ಮರುಪರೀಕ್ಷೆ ಈಗಲೇ, ಇಲ್ಲೇ. ಆ ಕಪ್ಪು ಹಲಗೆ ತಗೊಳ್ಳಿ. ಹೊಸ ಪ್ರಕಟಣೆ ಬರೀರಿ. ಅಂಕ ಹಾಕೋದು ನಾನಲ್ಲ, ಇವರು."

"ಇವರು ಹೇಗೆ ಮೇಡಂ ಹಾಕ್ತಾರೆ?"

ಮೇಡಂ ತೊಟ್ಟಿಯ ಗೋಡೆಯ ಮೇಲಿದ್ದ ಮಟ್ಟಸೂಚಕದತ್ತ ಬೆರಳು ತೋರಿಸಿದರು. ಒಳಗಿನ ನೀರು ಇಳಿದಷ್ಟು ಅದರ ಮುಳ್ಳು ಇಳಿಯುತ್ತದೆ. "ಪಂಪು ನಿಂತಿದೆ. ಜನ ನಂಬಿ ಮನೆಗೆ ಹೋಗಿ ನಲ್ಲಿ ತಿರುಗಿಸಿದ್ರೆ ಮುಳ್ಳು ಇಳಿಯುತ್ತೆ. ಪಾಸಾಗೋಕೆ ಮೂವತ್ತೈದು ತಾನೇ ಬೇಕು? ಒಂದು ಗಂಟೆಯೊಳಗೆ ಮೂವತ್ತೈದು ಸೆಂಟಿಮೀಟರ್ ಇಳೀಲಿ. ಇಳಿದ್ರೆ ಆ ಕೋಣೆ ನಿಮ್ಮದು. ಇಲ್ದಿದ್ರೆ ನೀವು, ನಿಮ್ಮ ಪಂಪು."

ಪ್ರಬಂಧದ ಮೌಲ್ಯಮಾಪನಕ್ಕೆ ಇದಕ್ಕಿಂತ ನಿಖರವಾದ ವಿಧಾನ ಇದುವರೆಗೆ ಯಾವ ವಿಶ್ವವಿದ್ಯಾಲಯಕ್ಕೂ ಹೊಳೆದಿಲ್ಲ.

ನೀರಣ್ಣ ಸೀಮೆಸುಣ್ಣ ಹಿಡಿದ. ಗುಂಪು ಅವನ ಬೆನ್ನಿಗೆ ಅಂಟಿಕೊಂಡು ನಿಂತು, ಬಿದ್ದ ಒಂದೊಂದು ಗುರುತನ್ನೂ ಕಾವಲು ಕಾಯಿತು.

ನಾಗರಿಕರೇ, ನಿನ್ನೆಯ ಪ್ರಕಟಣೆಯಲ್ಲಿ ಕೊಕ್ಕೆ ಹಾಕಿದವನು ನಾನು. ಅದು ನೀರಿನ ದೋಷವಲ್ಲ; ನನ್ನ ಕಿವಿಯ ದೋಷ.

"ಅಲ್ಲಿ ಚುಕ್ಕಿ ಇಟ್ಟ, ಕೆಳಗೆ ಬಾಲ ಬಿಟ್ಟ. ಯಾಕೆ?" ಎಂದ ಕ್ಷೌರದಂಗಡಿಯವನು.

"ಅದು ಅರ್ಧವಿರಾಮ," ಎಂದರು ಅತ್ತೆ. "ಕುರ್ಚಿ ಅಂಚಲ್ಲಿ ಕೂತಿದಾನೆ. ಎಬ್ಬಿಸ್ಬೇಡಿ, ಬರೀಲಿ."

ತೊಟ್ಟಿ ತೊಳೆದಿದ್ದೇವೆ. ನೀರನ್ನು ನಾನು ಪರೀಕ್ಷಿಸಿದ್ದೇನೆ, ಕುಡಿಯಲು ಯೋಗ್ಯವಾಗಿದೆ. ನನ್ನ ಮನೆಯಲ್ಲೂ ಇದೇ ನೀರು. ನಾನು ಕುಡಿಯುತ್ತೇನೆ, ನನ್ನ ಹೆಂಡತಿ ಕುಡಿಯುತ್ತಾಳೆ, ನನ್ನ ಅತ್ತೆಯೂ ಕುಡಿಯುತ್ತಾರೆ!

"ತಡಿ ತಡಿ," ಎಂದ ದರ್ಜಿ. "ಕೊನೇಲಿ ಆ ಕೋಲು ಯಾಕೆ ನಿಲ್ಲಿಸ್ದೆ?"

"ಅದು ಆಶ್ಚರ್ಯಸೂಚಕ," ಎಂದರು ಅತ್ತೆ, ಹುಬ್ಬು ಗಂಟಿಕ್ಕಿ.

"ಅತ್ತೆ ನೀರು ಕುಡಿಯೋದ್ರಲ್ಲಿ ಆಶ್ಚರ್ಯ ಏನಿದೆ? ಕುಡಿದೂ ಬದುಕಿದಾರೆ ಅಂತಲಾ?"

ಗುಂಪಿನಲ್ಲಿ ಗುಜುಗುಜು ಎದ್ದಿತು. ನೀರಣ್ಣನಿಗೆ ಅದು ಪೂರ್ತಿಯಾಗಿ ಕೇಳಿಸಿತು. ಕೇಳಿಸದೆ ಇದ್ದಿದ್ದರೆ ಒಳ್ಳೆಯದಿತ್ತು. ಒಂದು ಕೋಲಿನಿಂದ, ನಿವೃತ್ತಿಗೆ ಉಳಿದಿದ್ದ ಹದಿನೈದು ವರ್ಷ ಪಂಪಿನ ಪಾಲಾಗುವ ಲಕ್ಷಣ ಕಾಣಿಸಿತು. ಅವನು ಹಲಗೆಯತ್ತ ತಿರುಗಿ, ಯಾರ ಅಪ್ಪಣೆಗೂ ಕಾಯದೆ, ಹೆಬ್ಬೆರಳಿನಿಂದ ಕೋಲನ್ನು ಅಳಿಸಿದ. ಕೆಳಗಿನ ಚುಕ್ಕಿ ಮಾತ್ರ ಉಳಿಯಿತು.

"ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ದಿನಾ ಕುಡೀತಾರೆ. ಪೂರ್ಣವಿರಾಮ," ಎಂದ.

ಅತ್ತೆ ಅಳಿಯನನ್ನು ಮೊದಲ ಬಾರಿ ನೋಡುವವರಂತೆ ನೋಡಿದರು. ಆಮೇಲೆ ಲೋಟಕ್ಕೆ ಕೈ ಚಾಚಿದರು. ನೀರಣ್ಣ ಅಂಗಳದ ನಲ್ಲಿಯಿಂದ ಹಿಡಿದು ಕೊಟ್ಟ. ಅತ್ತೆ ಊರಿನ ಎದುರು ನಿಂತು, ನಡುವೆ ಒಂದು ಅಲ್ಪವಿರಾಮವನ್ನೂ ಹಾಕದೆ, ಗಟಗಟ ಕುಡಿದು ಲೋಟ ಕವುಚಿದರು. ಎಲ್ಲರೂ ಅವರ ಹುಬ್ಬನ್ನೇ ನೋಡಿದರು. ಹುಬ್ಬು ಇದ್ದಲ್ಲೇ ಇತ್ತು, ಎಂದಿನಂತೆ ಗಂಟಿಕ್ಕಿ.

"ಏನು ನೋಡ್ತೀರಿ? ಮನೆಗೆ ಹೋಗಿ ಮುಖ ತೊಳ್ಕೊಳ್ಳಿ, ನೋಡೋಕಾಗ್ತಿಲ್ಲ!"

ಶಾಲೆ ಬಿಟ್ಟಂತೆ ಗುಂಪು ಚದುರಿತು. ಬಹಳ ಜನ ಚಿಕ್ಕಂದಿನಲ್ಲಿ ಅವರ ಕೈಲೇ ಏಟು ತಿಂದವರು. ಹಿಂದೆ ಉಳಿದವನು ಕಾರ್ಯದರ್ಶಿ ಒಬ್ಬನೇ. ಒದ್ದೆ ಅಂಗಿಯಲ್ಲಿ ನೀರಣ್ಣನ ಎದುರು ಬಂದು ನಿಂತ.

"ಅಂದ್ರೆ ನಮ್ಮ ಫಲಕದಲ್ಲಿ ಬರೆದಿದ್ದೂ..."

"ಅಭಿಮಾನ ಸಾರ್. ಅಪ್ಪಟ ಅಭಿಮಾನ."

ಕಾರ್ಯದರ್ಶಿ ಫೋನು ತೆಗೆದು ಅಲ್ಲಿಂದಲೇ ಕೂಗಿದ. "ಏ, ಅಳೋದು ನಿಲ್ಸೇ! ಅದು ಅಭಿಮಾನ ಅಂತೆ. ಹೂಂ, ಭಿ, ಭಿ! ನಲ್ಲಿ ತಿರುಗಿಸಿ ಮುಖ ತೊಳ್ಕೋ. ಅಕ್ಕಪಕ್ಕದವರಿಗೂ ಹೇಳು!"

ಮೇಡಂ, ಅತ್ತೆ, ಹೆಂಡತಿ, ನೀರಣ್ಣ ನಾಲ್ವರೂ ಮಟ್ಟಸೂಚಕದ ಕೆಳಗೆ ಕುರ್ಚಿ ಹಾಕಿ ಕೂತರು. ಮುಳ್ಳು ಅಲುಗಲಿಲ್ಲ. ಮೇಡಂ ಗಡಿಯಾರ ನೋಡಿದರು. ಅತ್ತೆ ಮಗಳಿಗೆ ಮಂಡಿ ಒತ್ತಲು ಹೇಳಿದರು, ಮಗಳು ಒತ್ತಿದಳು. ಮುಳ್ಳು ಕೂದಲೆಳೆಯಷ್ಟು ಇಳಿದಂತೆ ಕಂಡಿತು. "ಗಾಳಿಗೆ ಇರ್ಬೇಕು," ಎಂದರು ಮೇಡಂ. ಗಾಳಿ ಇರಲಿಲ್ಲ. ಎಲ್ಲೋ ಕೆಳಗೆ, ಮಣ್ಣಿನೊಳಗೆ, ದೊಡ್ಡ ಕೊಳವೆಯಲ್ಲಿ ನೀರು ಹರಿಯತೊಡಗಿದ ಸದ್ದು ಕೇಳಿಸಿತು. ಅದನ್ನು ಮೊದಲು ಕೇಳಿದವನು ನೀರಣ್ಣ. ಬೆರಳೆತ್ತಿ ತೋರಿಸಿದ, ಉಳಿದವರು ಕಿವಿಗೊಟ್ಟರು. ಆಮೇಲೆ ಮುಳ್ಳು, ಮನಸ್ಸು ಮಾಡಿದ ಹಸುವಿನಂತೆ, ಹೆಜ್ಜೆ ಹೆಜ್ಜೆಯಾಗಿ ಇಳಿಯತೊಡಗಿತು. ಗಂಟೆ ತುಂಬುವ ಹೊತ್ತಿಗೆ ಹೆಂಡತಿ ಗಂಡನ ತೋಳನ್ನು ಹಿಡಿದ ಹಿಡಿತಕ್ಕೆ ಅವನ ಕೈ ಜೋಮು ಹಿಡಿದಿತ್ತು. ಮೇಡಂ ಎದ್ದು, ಕನ್ನಡಕ ಸರಿಪಡಿಸಿಕೊಂಡು, ಹತ್ತಿರ ಹೋಗಿ ಅಳತೆ ಓದಿ, ಗಟ್ಟಿಯಾಗಿ ಹೇಳಿದರು.

ತೊಟ್ಟಿಯ ನೀರು ಇಳಿದದ್ದು ಮೂವತ್ತೇಳು ಸೆಂಟಿಮೀಟರ್.